ನಿಮಗಿದು ಗೊತ್ತೇ? ಲೈನ್ ಹೋಗ್ಯದ, ಲೈನ್ ಹಚ್ಯಾರ, ಲೈನ್ ಬರ್ಲಕತ್ಯದ

ಕನ್ನಡ ಸಾಲಿಯ ಇಂಗ್ಲಿಷ್ ನೋಟ್‌ಬುಕ್ ಹೆಂಗಿರುತ್ತದೆ, ಎಲ್ಲರಿಗೂ ಗೊತ್ತು. ಹಾಳೆಯ ನಡುವೆ ಸ್ಕೇಲಿಟ್ಟು ಒಂದು ಗೆರೆ. ಎಡಕ್ಕೆ ‘ವರ್ಡ್’, ಬಲಕ್ಕೆ ‘ಮೀನಿಂಗ್’. ಲೈನ್ ಅಂದರೆ ಗೆರೆ. ಮುಗೀತು, ಮುಂದಿನ ಪದ.

ಅದೇ ಹುಡುಗ ಸಂಜೆ ಮನೆಗೆ ಬಂದರೆ ಅವ್ವ ‘ಲೈನ್ ಹೋಗ್ಯದ’ ಅಂತಾಳೆ. ಅಪ್ಪ ರೇಷನ್ ಅಂಗಡಿ ಮುಂದೆ ‘ಲೈನಿನ್ಯಾಗ’ ನಿಂತಿರುತ್ತಾನೆ. ಹತ್ತನೇತ್ತೆ ಮುಗಿಸಿದ ಅಣ್ಣನನ್ನು ಓಣಿಯವರು ‘ಯಾವ ಲೈನ್ ತಗೊಂಡಿ? ಸೈನ್ಸಾ, ಆರ್ಟ್ಸಾ?’ ಅಂತ ಕೇಳುತ್ತಾರೆ. ಟೀವಿಯವನು ‘ನಮ್ಮ ವರದಿಗಾರರು ಲೈನಿನಲ್ಲಿದ್ದಾರೆ’ ಅನ್ನುತ್ತಾನೆ. ಇದರಲ್ಲಿ ಒಂದೂ ಗೆರೆಯಲ್ಲ. ಆದರೂ ಹುಡುಗ ಎಲ್ಲಿಯೂ ತಡವರಿಸುವುದಿಲ್ಲ. ನೋಟ್‌ಬುಕ್ಕಿಗಿಂತ ಅವನ ಕಿವಿಗೇ ಇಂಗ್ಲಿಷ್ ಹೆಚ್ಚು ಬರುತ್ತದೆ ಅನ್ನೋದು ನನ್ನ ಅಂಬೋಣ. ಈ ಸಲದ ಅಂಕಣ ಪೂರಾ ಈ ಒಂದು ಪದಕ್ಕೆ.

◆ ‘ಲೈನ್’ ಹುಟ್ಟಿದ್ದು ಒಂದು ಗಿಡದಿಂದ. ಆ ಗಿಡದ ಬೀಜ ನಿಮ್ಮ ಅಡಿಗೆಮನೆಯ ಡಬ್ಬಿಯಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಲೀನುಮ್’ ಅಂದರೆ ಅಗಸೆ. ಅದರ ನಾರಿನಿಂದ ಹೊಸೆದ ದಾರ ‘ಲೀನೆಯಾ’. ದಾರ ಬಿಗಿದು ಎಳೆದರೆ ನೆಟ್ಟಗೆ ನಿಲ್ಲುತ್ತದೆ, ಹಾಗಾಗಿ ನೆಟ್ಟಗಿನ ಗೆರೆಗೂ ದಾರದ ಹೆಸರೇ ಅಂಟಿಕೊಂಡಿತು. ಗೆರೆ ಆಮೇಲಿನದು, ದಾರ ಮೊದಲಿನದು. ಶಹಾಪುರದ ಖಾನಾವಳಿಯಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಕೆಂಗಂದು ಪುಡಿಯೊಂದು ಬೀಳುತ್ತದಲ್ಲ, ಎಣ್ಣೆ ಹಾಕಿ ಕಲಸಿಕೊಳ್ಳೋದು, ಆ ಅಗಸಿ ಹಿಂಡಿ ಇದೇ ಗಿಡದ ಬೀಜದ್ದು. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಅಗಸಿ ಬಿತ್ತುವುದು ಬೀಜಕ್ಕೆ, ಎಣ್ಣೆಗೆ. ಯುರೋಪಿನವರು ಉದ್ದಕ್ಕೆ ಬೆಳೆಯುವ ತಳಿ ಬಿತ್ತಿ ಕಾಂಡದ ನಾರು ತೆಗೆದರು, ಬಟ್ಟೆ ನೇಯ್ದರು.

ಆ ಬಟ್ಟೆಯೇ ಲಿನನ್. ಅಗಸೆ ಬೀಜ ಲಿನ್‌ಸೀಡ್. ಅಗಸೆಯೆಣ್ಣೆ ಗಟ್ಟಿಮಾಡಿ 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ತಯಾರಿಸಿದ ನೆಲಹಾಸು ಲಿನೋಲಿಯಂ. ಹೆಂಗಸರ ಒಳಉಡುಪಿನ ಲಾಂಜರಿ ಕೂಡ ಫ್ರೆಂಚರ ಲಿನನ್ ಬಟ್ಟೆಯ ಮನೆತನದ್ದೇ. ಅಗಸೆ ಬೀಜ ಹೆಕ್ಕಿ ತಿನ್ನುವ ಯುರೋಪಿನ ಪುಟ್ಟ ಹಕ್ಕಿಗೆ ಲಿನೆಟ್ ಅಂತ ಹೆಸರು. ಗಿಡಗಳಿಗೆಲ್ಲ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅಗಸೆಗೆ ಕೊಟ್ಟ ಶಾಸ್ತ್ರೀಯ ಹೆಸರಿನ ಎರಡನೇ ಭಾಗ ‘ಉಸಿಟಾಟಿಸಿಮಮ್’, ಅಂದರೆ ಅತ್ಯಂತ ಉಪಯೋಗಿ. ಹಿಂಡಿ ತಿಂದವರು ತಕರಾರು ಮಾಡಲಾರರು.

◆ ಒಂದು ಪದಕ್ಕೆ ಇಷ್ಟೊಂದು ಅರ್ಥವಾ ಅಂತ ಇಂಗ್ಲಿಷಿನ ಮೇಲೆ ಸಿಟ್ಟಾಗುವವರು ‘ಅಗಸಿ’ಯನ್ನೇ ನೋಡಿ.

ಊರಿನ ಹೆಬ್ಬಾಗಿಲು ಅಗಸಿ. ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುವುದು ಆ ಅಗಸಿಯಲ್ಲಿ. ರೊಟ್ಟಿಗೆ ಹಚ್ಚಿಕೊಳ್ಳುವುದು ಅಗಸಿ ಹಿಂಡಿ. ಬಿಳಿ ಹೂವಿನ ಅಗಸೆ ಮರ ಬೇರೆಯೇ ಜಾತಿ, ಈ ನಾರಿನ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ಬಟ್ಟೆ ಒಗೆಯುವವರು ಅಗಸರು. ಸಾಲದ್ದಕ್ಕೆ ‘ಹಿಂಡಿ’ಗೂ ಎರಡು: ಮನುಷ್ಯರು ತಿನ್ನುವ ಚಟ್ನಿಪುಡಿ, ದನ ತಿನ್ನುವ ಗಾಣದ ಗಸಿ. ‘ನಾರು’ ಅಂದರೆ ಎಳೆಯೂ ಹೌದು, ವಾಸನೆ ಹೊಡೆಯುವುದೂ ಹೌದು. ‘ಎತ್ತಿಗಿ ಹಿಂಡಿ ಇಡು, ಮಾವಗ ಹಿಂಡಿ ಬಡಸು’ ಅಂದರೆ ಯಾವ ಸೊಸೆಯೂ ಪಾತ್ರೆ ಅದಲುಬದಲು ಮಾಡುವುದಿಲ್ಲ. ಇದನ್ನು ಮಾಡಬಲ್ಲ ತಲೆಗೆ ಲೈನ್ ಯಾವ ಲೆಕ್ಕ?

◆ ‘ಲೈನ್’ ಪದವನ್ನು ಅದರ ಮೂಲದ ಅರ್ಥದಲ್ಲೇ ಇಂದಿಗೂ ದಿನಾ ಬಳಸುವವರು ನಮ್ಮಲ್ಲಿ ಯಾರು ಗೊತ್ತೇ? ಗೌಂಡಿಗಳು.

ಮನೆಗೆ ಬುನಾದಿ ತೋಡುವ ದಿನ ಹೋಗಿ ನಿಂತು ನೋಡಿ. ಮೇಸ್ತ್ರಿ ಮೊದಲು ಕೇಳುವುದು ಸಿಮೆಂಟಲ್ಲ, ಕಲ್ಲಲ್ಲ. ‘ಲೈನ್‌ದೋರಿ ತಗೋ ಬಾರಲೇ’ ಅಂತಾನೆ. ಸಣ್ಣ ಕಡ್ಡಿಗೆ ಸುತ್ತಿದ ದಾರದ ಉಂಡೆ. ಒಂದು ಗೂಟಕ್ಕೆ ಗಂಟು ಹಾಕಿ, ಇನ್ನೊಂದು ಗೂಟದ ತನಕ ಬಿಚ್ಚುತ್ತ ನಡೆಯುತ್ತಾನೆ. ಎಳೆದು ಬಿಗಿಯುತ್ತಾನೆ. ತೋರುಬೆರಳಿನಿಂದ ವೀಣೆ ತಂತಿ ಮೀಟಿದಂತೆ ಒಮ್ಮೆ ಮೀಟುತ್ತಾನೆ; ಎಲ್ಲಾದರೂ ಕಲ್ಲಿಗೋ ಹೆಂಟೆಗೋ ತಾಕಿದ್ದರೆ ದಾರ ಅಲುಗುವುದರಲ್ಲೇ ಅವನಿಗೆ ಗೊತ್ತಾಗುತ್ತದೆ. ಆಮೇಲೆ ಹಿಡಿಗಟ್ಟಲೆ ಸುಣ್ಣದ ಪುಡಿ ದಾರದ ಗುಂಟ ಉದುರಿಸುತ್ತಾನೆ. ದಾರ ಬಿಚ್ಚಿದ ಮೇಲೆ ನೆಲದ ಮೇಲೆ ಉಳಿಯುವುದು ಗೆರೆ. ದಾರದಿಂದ ಗೆರೆಗೆ ಅರ್ಥ ಹೆಂಗೆ ದಾಟಿತು ಅಂತ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ಈ ಮನುಷ್ಯ ಚಾ ಬರುವುದರೊಳಗೆ ಮಾಡಿ ತೋರಿಸುತ್ತಾನೆ. ‘ದೋರಿ’ಯೂ ದಾರವೇ, ‘ಲೈನ್’ ಕೂಡ ದಾರವೇ. ‘ಗೇಟ್ ಬಾಗಿಲು’ ಅಂದಂತೆ ಇದೂ ದಾರದ ದಾರ.

◆ ಈಜಿಪ್ಟಿನಲ್ಲಿ ಗುಡಿ ಕಟ್ಟುವ ಮೊದಲು ಹಗ್ಗ ಎಳೆಯುವುದೇ ಒಂದು ಪೂಜೆಯಾಗಿತ್ತು, ರಾಜನೇ ಮುಂದೆ ನಿಂತು ಮಾಡುವಂಥದ್ದು. ನಮ್ಮಲ್ಲಿ ಯಜ್ಞವೇದಿಯ ಅಳತೆ ಹೇಳುವ ಗ್ರಂಥಗಳು ಶುಲ್ಬಸೂತ್ರಗಳು. ಶುಲ್ಬ ಅಂದರೆ ಹಗ್ಗ, ಸೂತ್ರ ಅಂದರೆ ನೂಲು. ಗಣಿತದ ಮೇಷ್ಟ್ರು ‘ಸೂತ್ರ ಬಾಯಿಪಾಠ ಮಾಡಿ’ ಅಂದಾಗ ನೂಲು ಹಿಡಿದುಕೊಳ್ಳಿ ಅಂತ ಯಾವ ಹುಡುಗಿಯೂ ತಿಳಿಯುವುದಿಲ್ಲ. ಲ್ಯಾಟಿನ್ನಿನವರು, ಸಂಸ್ಕೃತದವರು ಇಬ್ಬರೂ ದಾರ ಹಿಡಿದು ಒಂದೇ ದಿಕ್ಕಿಗೆ ನಡೆದಿದ್ದಾರೆ.

◆ ಕಾಲುವೆಗೂ ಲಿನನ್ ಬಟ್ಟೆ ಹೊದಿಸುತ್ತಾರೆ. ಸಿಮೆಂಟಿನದು.

ಕೋಟಿನ ಒಳಮಗ್ಗುಲಿಗೆ ತೆಳ್ಳಗಿನ ಲಿನನ್ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳಿಂದ ‘ಲೈನಿಂಗ್’ ಬಂತು. ಅಲ್ಲಿಂದ ಜಂಪರಿಗೆ ಲೈನಿಂಗ್, ಬ್ರೇಕಿಗೆ ಲೈನಿಂಗ್, ಕೊನೆಗೆ ಕಾಲುವೆಗೂ ಲೈನಿಂಗ್. ಸುರಪುರ, ಶಹಾಪುರ ಸೀಮೆಯ ರೈತನಿಗೆ ಈ ಪದ ದರ್ಜಿ ಅಂಗಡಿಗಿಂತ ಹೊಲದಲ್ಲೇ ಹೆಚ್ಚು ಕಿವಿಗೆ ಬಿದ್ದಿದೆ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣದ ಕೆಲಸವನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜನವರಿ 19ರಂದು ಕೊಡೇಕಲ್ಲಿಗೆ ಬಂದು ಉದ್ಘಾಟಿಸಿದರು. 10,000 ಕ್ಯೂಸೆಕ್ ನೀರು ಹರಿಯಬಲ್ಲ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು ಅಂತ ಆಗ ಹೇಳಲಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಮಣ್ಣು ಒಳಗಿನಿಂದ ನೂಕಿ ನೂಕಿ ಬಿರುಕು ಬಿಡಿಸುತ್ತದೆ. ಅದಕ್ಕೇ ಎಂಜಿನಿಯರುಗಳು ಮೊದಲು ಉಬ್ಬದ ಜಾತಿಯ ಮಣ್ಣಿನ ಒಂದು ಪದರ ಹಾಕಿ ಕುಟ್ಟಿಸಿ, ಆಮೇಲೆ ಕಾಂಕ್ರೀಟ್ ಹೊದಿಸುತ್ತಾರೆ. ಅಂದರೆ ಲೈನಿಂಗಿಗೇ ಒಂದು ಲೈನಿಂಗ್. ‘ಈ ವರ್ಷ ಲೈನಿಂಗ್ ಕೆಲಸ ಅದ, ನೀರು ಬಿಡಂಗಿಲ್ಲ’ ಅಂತ ಸುದ್ದಿ ಬಂದರೆ ಭತ್ತ ಹಚ್ಚುವವರ ಮುಖ ಯಾಕೆ ಸಣ್ಣದಾಗುತ್ತದೆ ಅನ್ನೋದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

◆ ಯಾದಗಿರಿಯವರಿಗೆ ‘ಲೈನ್’ ಅಂದರೆ ಮೊದಲು ರೈಲು.

ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯೂ ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯೂ ಹಳಿ ಹಾಕುತ್ತ ಬಂದು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಹಾದಿಯಲ್ಲೇ ಯಾದಗಿರಿ ಇರುವುದು. ಪೆನಿನ್ಸುಲಾ ಕಂಪನಿಯ ಕಾಲದ ರೂಢಿಯಂತೆ ಮುಂಬೈಗೆ ಹೋಗುವುದು ‘ಅಪ್’, ಮುಂಬೈಯಿಂದ ಬರುವುದು ‘ಡೌನ್’. ಇದರಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಇಂಗ್ಲೆಂಡಿನಲ್ಲಿ ಲಂಡನ್ನಿಗೆ ಹೋಗುವುದೆಲ್ಲ ‘ಮೇಲಕ್ಕೆ’ ಹೋಗುವುದಾಗಿತ್ತು, ಆ ದೊಡ್ಡಸ್ತಿಕೆ ಇಲ್ಲಿಗೂ ಬಂತು. ನಾವೂ ಕಮ್ಮಿ ಇಲ್ಲ: ಬೆಂಗಳೂರಿಗೆ ಹೋಗುವುದನ್ನು ‘ತೆಳಗ ಹೋಗೋದು’ ಅಂತೇವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಯಾದಗಿರಿ ಅದರ ಅರ್ಧದಷ್ಟೂ ಎತ್ತರದಲ್ಲಿಲ್ಲ!

ಶಹಾಪುರ, ಸುರಪುರದವರಿಗೆ ಲೈನ್ ಇನ್ನೂ ‘ಬರ್ಲಕತ್ಯದ’. ಗದಗ–ವಾಡಿ ಹೊಸ ಮಾರ್ಗ ಈ ಎರಡೂ ತಾಲ್ಲೂಕುಗಳ ಮೇಲೆ ಹಾಯುತ್ತದೆ. ಆ ಕಡೆ ತಳಕಲ್‌ನಿಂದ ಕುಷ್ಟಗಿಯ ತನಕ 2025ರಲ್ಲಿ ರೈಲು ಓಡಿತು. ಈ ಕಡೆ ಜನ ‘ನಮ್ಮ ಹೊಲ ಲೈನಿಗಿ ಹೋಯ್ತು’ ಅಂತಾರೆ. ಭೂಸ್ವಾಧೀನ ಅನ್ನುವ ನಾಲ್ಕಕ್ಷರದ ಸರಕಾರಿ ಪದಕ್ಕಿಂತ ಇದು ಎಷ್ಟೋ ಚೆಂದ, ಎಷ್ಟೋ ಖರೆ.

◆ ಪೊಲೀಸ್ ಲೈನಿನಲ್ಲಿ ಯಾರೂ ಸಾಲಾಗಿ ನಿಂತಿರುವುದಿಲ್ಲ. ಅದು ಪೊಲೀಸರ ವಸತಿ. ಸಿಪಾಯಿಗಳ ಗುಡಾರ, ಗುಡಿಸಲುಗಳನ್ನು ದಂಡಿನಲ್ಲಿ ಸಾಲುಸಾಲಾಗಿ ಹಾಕುತ್ತಿದ್ದರು, ಅದಕ್ಕೆ ‘ಲೈನ್ಸ್’ ಅಂದರು. ಅದರದೇ ಪೈಕಿ ಉತ್ತರ ಭಾರತದ ಊರುಗಳ ಸಿವಿಲ್ ಲೈನ್ಸ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೂಲಿಯವರ ಬಿಡಾರ ‘ಲೈನ್ ಮನೆ’. ನಮ್ಮ ಕಡೆಯಿಂದ ದುಡಿಯಲು ಹೋದವರು ಊರಿಗೆ ಬಂದು ‘ಲೈನಿನ್ಯಾಗ ಇದ್ದೆವು’ ಅಂದರೆ ಮನೆಯವರು ಪೊಲೀಸ್ ಸ್ಟೇಷನ್ ಅಂತ ಗಾಬರಿಯಾಗಬಾರದು.

◆ ಸಮುದ್ರದ ನಡುವೆಯೂ ಒಂದು ‘ಲೈನ್’ ಇದೆ. ಅದನ್ನು ಎರಡು ಸಲ ದಾಟಿ ಬಂದ ಒಬ್ಬ ಹುಡುಗ ಮುಂದೆ ಸುರಪುರದ ದರ್ಬಾರಿನಲ್ಲಿ ಕೂತ.

ಇಂಗ್ಲಿಷ್ ನಾವಿಕರ ಬಾಯಲ್ಲಿ ಬರೀ ‘ದ ಲೈನ್’ ಅಂದರೆ ಭೂಮಧ್ಯರೇಖೆ. ಮೊದಲ ಸಲ ದಾಟುವವನನ್ನು ಹಿಡಿದು ನೀರಿನಲ್ಲಿ ಮುಳುಗಿಸಿ, ಸಮುದ್ರರಾಜನ ವೇಷ ಹಾಕಿದವನ ಮುಂದೆ ನಿಲ್ಲಿಸಿ ಗೋಳುಹೊಯ್ದುಕೊಳ್ಳುವುದು ಹಡಗಿನ ರೂಢಿ. ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ ಲಿವರ್‌ಪೂಲಿನಲ್ಲಿ. ಮುಂಬೈಗೆ ಬಂದಿಳಿದದ್ದು 1824ರಲ್ಲಿ, ಇನ್ನೂ ಹದಿನಾರು ತುಂಬಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹಾಯಿಹಡಗು ಆಫ್ರಿಕಾ ಸುತ್ತಿ ಬರಬೇಕು; ಬರುವಾಗ ಲೈನ್ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ದಾಟಲೇಬೇಕು.

ನಿಜಾಮನ ಸೈನ್ಯ ಸೇರಿದ ಟೇಲರ್ 1840ರ ದಶಕದ ಮೊದಲಲ್ಲಿ ಸುರಪುರಕ್ಕೆ ಬಂದ. ಎಳೆಯ ರಾಜ ವೆಂಕಟಪ್ಪ ನಾಯಕನಿಗೆ ಪ್ರಾಯ ಬರುವ ತನಕ ಸಂಸ್ಥಾನ ನೋಡಿಕೊಂಡ. ಹುಡುಗ ಅವನನ್ನು ‘ಅಪ್ಪಾ’ ಅಂತಲೇ ಕರೆಯುತ್ತಿದ್ದ. ಬೆಟ್ಟದ ಮೇಲೆ ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಇಂದಿಗೂ ಇದೆ.

ಟೇಲರ್ ಇಂಗ್ಲಿಷಿಗೆ ಒಂದು ಪದವನ್ನು ಮನೆಮಾತು ಮಾಡಿಕೊಟ್ಟವನು ಕೂಡ. 1839ರಲ್ಲಿ ಬಂದ ಅವನ ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿಯನ್ನು ಲಂಡನ್ ಮುಗಿಬಿದ್ದು ಓದಿತು. ಆ ‘ಥಗ್’ ನಮ್ಮ ಠಕ್ಕನ ಅಣ್ಣತಮ್ಮ. ಇಲ್ಲಿ ಠಕ್ಕ ಅಂದರೆ ಮೋಸಗಾರ. ಟೇಲರನ ಪುಸ್ತಕದಲ್ಲಿ ದಾರಿಹೋಕರ ಕೊರಳಿಗೆ ಕರ್ಚೀಫು ಬಿಗಿಯುವ ಗುಂಪಿನವ. ಇಂದಿನ ಇಂಗ್ಲಿಷಿನಲ್ಲಿ ಯಾವನೇ ರೌಡಿ. ಪದಗಳ ಲೇವಾದೇವಿ ಎರಡೂ ಕಡೆಯಿಂದ ನಡೆದದ್ದೇ, ಬರೀ ನಾವೇ ಸಾಲ ತಂದವರಲ್ಲ.

◆ ‘ಲೈನ್’ ಅಂದರೆ ವಂಶ ಕೂಡ. ‘ಎಂಡ್ ಆಫ್ ದ ಲೈನ್’ ಅಂದರೆ ರೈಲಿನ ಕೊನೇ ಸ್ಟೇಷನ್ನೂ ಹೌದು, ವಂಶದ ಕೊನೇ ಕುಡಿಯೂ ಹೌದು. 1858ರ ದಂಗೆಯ ನಂತರ ವೆಂಕಟಪ್ಪ ನಾಯಕ ಸತ್ತ, ಸುರಪುರವನ್ನು ಬ್ರಿಟಿಷರು ನುಂಗಿದರು, 1860ರಲ್ಲಿ ನಿಜಾಮನಿಗೆ ಇನಾಮು ಕೊಟ್ಟರು. ಇಂಗ್ಲಿಷಿನವರು ‘ಎಂಡ್ ಆಫ್ ದ ಲೈನ್’ ಅಂದಿರಬಹುದು. ಆದರೆ ಆ ಮನೆತನದವರು ನಮ್ಮ ಕಾಲದಲ್ಲಿ ಅದೇ ಸುರಪುರದಿಂದ ಗೆದ್ದು ವಿಧಾನಸಭೆಗೆ ಹೋಗಿದ್ದಾರೆ. ಅಲ್ಲಿ ಅವರಿಗೆ ಕಾದಿದ್ದುದು ಇನ್ನೊಂದು ಲೈನ್: ಪಾರ್ಟಿ ಲೈನ್.

◆ ಆ ‘ಪಾರ್ಟಿ ಲೈನ್’ಗೂ ಎರಡರ್ಥ. ನಾಲ್ಕೈದು ಮನೆಗಳಿಗೆ ಸೇರಿ ಒಂದೇ ಟೆಲಿಫೋನ್ ತಂತಿ ಇದ್ದ ಕಾಲದಲ್ಲಿ ಅಮೆರಿಕದವರು ಅದನ್ನೂ ಪಾರ್ಟಿ ಲೈನ್ ಅನ್ನುತ್ತಿದ್ದರು. ಒಬ್ಬರು ಮಾತಾಡಿದರೆ ಉಳಿದವರು ಕದ್ದು ಕೇಳಬಹುದಿತ್ತು.

◆ 1963ರಲ್ಲಿ ವಾಷಿಂಗ್ಟನ್, ಮಾಸ್ಕೋ ನಡುವೆ ಬಂದ ‘ಹಾಟ್‌ಲೈನ್’ನಲ್ಲಿ ಫೋನೇ ಇರಲಿಲ್ಲ. ಸಿನಿಮಾದವರು ತೋರಿಸುವ ಕೆಂಪು ಫೋನು ಕಟ್ಟುಕಥೆ. ಅಲ್ಲಿದ್ದದ್ದು ಟಪಟಪ ಅಂತ ಅಕ್ಷರ ಒತ್ತುವ ಟೆಲಿಪ್ರಿಂಟರ್.

◆ ‘ಡೆಡ್‌ಲೈನ್’ ಮೊದಲಿಗೆ ನಿಜವಾಗಿಯೂ ಸಾವಿನ ಗೆರೆ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಆಂಡರ್ಸನ್‌ವಿಲ್ ಸೆರೆಶಿಬಿರದ ಗೋಡೆಯ ಒಳಬದಿಗೆ ಒಂದು ಗಡಿ ಹಾಕಿದ್ದರು. ಕೈದಿ ಅದನ್ನು ದಾಟಿದರೆ ಕಾವಲಿನವ ಗುಂಡು ಹಾರಿಸುತ್ತಿದ್ದ. ಪತ್ರಿಕೆಯವರು ಆ ಪದ ಎತ್ತಿಕೊಂಡದ್ದು ಇಪ್ಪತ್ತನೇ ಶತಮಾನದಲ್ಲಿ. ಈ ಅಂಕಣದ ಉಪಸಂಪಾದಕರಿಗೆ ಮಾತ್ರ ಹಳೆಯ ಅರ್ಥವೇ ಇಷ್ಟ ಇದ್ದಂತಿದೆ.

◆ ‘ಲೈನ್ ಹೋಗ್ಯದ’ ಅಂದರೆ ಕರೆಂಟ್ ಹೋಗಿದೆ. ತಂತಿ ಎಲ್ಲಿಗೂ ಹೋಗಿಲ್ಲ, ಕಂಬದ ಮೇಲೇ ಇದೆ. ಹೋದದ್ದು ತಂತಿಯೊಳಗಿನದು. ಪಾತ್ರೆಯ ಹೆಸರನ್ನು ಒಳಗಿನ ವಸ್ತುವಿಗೆ ಕೊಡುವುದು ಕನ್ನಡದ ಹಳೆಯ ಚಾಳಿ: ‘ಎರಡು ಕಪ್ ಕುಡಿದೆ’ ಅಂದರೆ ಯಾರೂ ಪಿಂಗಾಣಿ ನುಂಗಿರುವುದಿಲ್ಲ. ಲೈನ್‌ಮನ್ ಹುದ್ದೆಗೆ ಇಲಾಖೆ ಈಗ ‘ಪವರ್‌ಮ್ಯಾನ್’ ಅಂತ ಹೆಸರಿಟ್ಟಿದೆ, ಅರ್ಜಿಯಲ್ಲೂ ಹಾಗೇ ಬರೆಯಬೇಕು. ಆದರೆ ಮಳೆ ರಾತ್ರಿಯಲ್ಲಿ ಫ್ಯೂಸ್ ಹಾರಿದಾಗ ‘ಪವರ್‌ಮ್ಯಾನ್‌ಗೆ ಫೋನ್ ಹಚ್ಚು’ ಅಂದವರನ್ನು ನಾನಂತೂ ನೋಡಿಲ್ಲ.

◆ ನಿಮ್ಮ ಕಿಸೆಯಲ್ಲೂ ಒಂದು ಲೈನ್ ಇರಬಹುದು. ಬಿಪಿಎಲ್ ಕಾರ್ಡಿನ ‘ಎಲ್’ ಅಂದರೆ ಲೈನ್, ಬಡತನದ ಗೆರೆ. ಆಹಾರ ಇಲಾಖೆ ಈಗ ಅದನ್ನು ಆದ್ಯತಾ ಪಡಿತರ ಚೀಟಿ ಅನ್ನುತ್ತದೆ, ಜನ ಕೇಳುತ್ತಿಲ್ಲ. ದಾರ ಕಟ್ಟಿ ತೋರಿಸಲಾಗದ, ಸುಣ್ಣ ಹಾಕಿ ಗುರುತು ಮಾಡಲಾಗದ ಗೆರೆ ಇದು. ಅದರ ಆಚೆ ನಿಂತಿದ್ದೀರೋ ಈಚೆಯೋ ಅನ್ನುವುದು ಮಾತ್ರ ಅಕ್ಕಿ ಕೊಡುವ ದಿನ ಗೊತ್ತಾಗುತ್ತದೆ. ಮೇಲಾಗಿ, ಲೈನಿನ ಕೆಳಗೆ ಇರುವವರೇ ಲೈನಿನಲ್ಲಿ ನಿಲ್ಲಬೇಕು!

◆ ಆ ನಿಲ್ಲುವುದನ್ನು ಇಂಗ್ಲೆಂಡಿನವರು ‘ಕ್ಯೂ’ ಅನ್ನುತ್ತಾರೆ, ಅಮೆರಿಕದವರು ‘ಲೈನ್’. ಕ್ಯೂ ಅನ್ನುವುದು ಫ್ರೆಂಚಿನಲ್ಲಿ ಬಾಲ. ನಾವು ಎರಡನ್ನೂ ಬಳಸುತ್ತೇವೆ, ಸಾಲದೆ ನಮ್ಮದೇ ‘ಪಾಳಿ’ ಇದೆ. ‘ಪಾಳಿ ಹಚ್ಯಾರ’ ಅಂದರೆ ಸಾಲುಗಟ್ಟಿದ್ದಾರೆ. ‘ನನ್ನ ಪಾಳಿ ಬಂತು’ ಅಂದರೆ ಸರದಿ. ‘ರಾತ್ರಿ ಪಾಳಿ’ ಅಂದರೆ ಶಿಫ್ಟು.

◆ ಇನ್ನು ‘ಸಾಲು’ ತಗೊಳ್ಳಿ. ಬೆಳೆಯ ಸಾಲು, ಬೆಟ್ಟದ ಸಾಲು, ಪದ್ಯದ ಸಾಲು. ‘2024–25ನೇ ಸಾಲಿನ ಬಜೆಟ್’ ಅಂದರೆ ವರ್ಷ. ಅದು ಫಾರಸಿಯ ‘ಸಾಲ್’ನಿಂದ ಬಂದದ್ದು, ಬೆಳೆಯ ಸಾಲಿಗೆ ನೆಂಟನಲ್ಲ. ‘ರೊಕ್ಕ ಸಾಲಂಗಿಲ್ಲ’ ಅಂದರೆ ಸಾಕಾಗುವುದಿಲ್ಲ, ಆಗ ಮಾಡುವುದು ‘ಸಾಲ’. ನಮ್ಮ ಕಡೆ ಶಾಲೆಯೂ ‘ಸಾಲಿ’. ಹೊರಗಿನವನೊಬ್ಬ ಕನ್ನಡ ಕಲಿಯಲು ಯಾದಗಿರಿಗೆ ಬಂದು ನೋಟ್‌ಬುಕ್ಕಿನಲ್ಲಿ ‘ಸಾಲು ಅಂದರೆ ಲೈನ್’ ಅಂತ ಬರೆದುಕೊಂಡರೆ ಅವನ ಗತಿ ಏನಾದೀತು ನೋಡಿ.

◆ ಪದ್ಯದ ಸಾಲಿಗೂ ನೂಲಿಗೂ ನಂಟು ಹೇಳಲು ಸುರಪುರ ಸೀಮೆಯವರು ಲ್ಯಾಟಿನ್ ತನಕ ಹೋಗಬೇಕಿಲ್ಲ. ಆದ್ಯ ವಚನಕಾರ ಅಂತ ಹೆಸರಾದ ದೇವರ ದಾಸಿಮಯ್ಯ ಮುದನೂರಿನವನು, ವೃತ್ತಿಯಿಂದ ನೇಕಾರ, ಅಂಕಿತ ರಾಮನಾಥ. ಮಗ್ಗದ ಮೇಲೆ ಒಂದು ಎಳೆ, ಬಾಯಲ್ಲಿ ಒಂದು ಸಾಲು. ಇಂಗ್ಲಿಷಿನಲ್ಲಿ ಪುಸ್ತಕದ ಪಠ್ಯಕ್ಕೆ ‘ಟೆಕ್ಸ್ಟ್’ ಅನ್ನುತ್ತಾರೆ, ಬಟ್ಟೆಗೆ ‘ಟೆಕ್ಸ್‌ಟೈಲ್’ ಅನ್ನುತ್ತಾರೆ. ಎರಡಕ್ಕೂ ಬೇರು ‘ನೇಯು’ ಅನ್ನುವ ಒಂದೇ ಲ್ಯಾಟಿನ್ ಕ್ರಿಯಾಪದ. ನಿಮ್ಮ ಮೊಬೈಲಿಗೆ ಬರುವ ಟೆಕ್ಸ್ಟ್ ಮೆಸೇಜು ಕೂಡ ಲೆಕ್ಕಕ್ಕೆ ಕೈಮಗ್ಗದ ಮಾಲೇ. ಮುದನೂರಿನ ಆ ನೇಕಾರನನ್ನು ಇಂಗ್ಲಿಷ್ ಪಾಠದ ಮೊದಲ ದಿನ ನೆನೆದರೆ ಮಕ್ಕಳಿಗೆ ಈ ಪದಗಳು ಪರದೇಶದ ಸಾಮಾನಿನಂತೆ ಕಾಣಲಾರವು. ಯಾವ ಗೈಡಿನವರೂ ಇದನ್ನು ಅಚ್ಚು ಹಾಕಿಸುವುದಿಲ್ಲ, ಬಿಡಿ.

◆ ‘ರೀಡ್ ಬಿಟ್ವೀನ್ ದ ಲೈನ್ಸ್’, ಸಾಲುಗಳ ನಡುವೆ ಓದುವುದು. ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳಿ ಬೆಳೆದವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಅಲ್ಲಿ ಸಾಲಿನಲ್ಲಿರುವುದಕ್ಕಿಂತ ನಡುವೆ ಇರುವುದೇ ಹೆಚ್ಚು.

◆ ‘ಔಟ್‌ಲೈನ್’ ಅಂದರೆ ಹೊರಗೆರೆ, ‘ಸ್ಕೈಲೈನ್’ ಅಂದರೆ ಆಕಾಶಕ್ಕೆ ತಾಗಿ ಕಾಣುವ ಗೆರೆ. ಎರಡನ್ನೂ ಒಂದೇ ಏಟಿಗೆ ಕಲಿಸಬೇಕೆಂದರೆ ಶಹಾಪುರಕ್ಕೆ ಕರೆದುಕೊಂಡು ಬನ್ನಿ. ಬೆಟ್ಟಗಳ ಸಾಲು ಮಲಗಿದ ಬುದ್ಧನಾಗುವುದು ದೂರದಿಂದ, ಬರೀ ಹೊರಗೆರೆಯಲ್ಲಿ. ಹತ್ತಿರ ಹೋದರೆ ಬಂಡೆ, ಮುಳ್ಳುಕಂಟಿ.

◆ ಬಸ್ಸಿನವರ ಲೈನ್ ಬೇರೆ. ‘ಆ ಲೈನಿಗಿ ಬಂಡಿ ಕಮ್ಮಿ’ ಅಂದರೆ ರೂಟು. ‘ಲೈನ್ ಚೆಕಿಂಗ್’ ಬಂದರೆ ಟಿಕೆಟ್ ತೆಗೆಸದವರ ಎದೆ ಢವಢವ. ‘ನಾವು ಬೇರೆ ಲೈನಿನವರು’ ಅಂದರೆ ಉದ್ಯೋಗ. ‘ಲೈನಿಗಿ ಬಾ’ ಅಂದರೆ ಬುದ್ಧಿ ಕಲಿ. ‘ಲೈನ್ ಹೊಡಿಯೋದು’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಟ್ಟಿದ ಈ ಅಚ್ಚ ಭಾರತದ ಅರ್ಥ ಲಂಡನ್ನಿನಲ್ಲಿ ನಡೆಯುವುದಿಲ್ಲ. ಅಲ್ಲಿ ‘ಶೂಟ್ ಎ ಲೈನ್’ ಅಂದರೆ ಬಡಾಯಿ ಕೊಚ್ಚುವುದು. ಎರಡೂ ಕೆಲಸವನ್ನು ಒಬ್ಬನೇ ಮಾಡುವುದೂ ಉಂಟು.

◆ ಇಷ್ಟಾದರೂ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಹೊತ್ತ ಪದ ಲೈನ್ ಅಲ್ಲ. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಆ ಪಟ್ಟ ‘ಸೆಟ್’ಗೆ ಇತ್ತು, 430 ಅರ್ಥ. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು: ಕ್ರಿಯಾಪದವಾಗಿಯೇ 645. ಆ ಒಂದು ಪದ ಸರಿಪಡಿಸಲು ನಿಘಂಟಿನ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು. ಪಂಪ್‌ಸೆಟ್, ಸೆಟ್ ದೋಸೆ, ‘ಎಲ್ಲಾ ಸೆಟ್ ಆಗ್ಯದ’ ಇವೆಲ್ಲ ಆ 430ರಲ್ಲಿ ಸೇರಿದ್ದಾವೋ ಇಲ್ಲವೋ, ಸುರಪುರದವರು ನಿಘಂಟಿನ ಒಪ್ಪಿಗೆಗೆ ಕಾಯುವುದಿಲ್ಲ.

◆ ಲೈನ್ ಬೇರೆ, ಲಯನ್ ಬೇರೆ. ಕನ್ನಡದಲ್ಲಿ ಬರೆದಾಗ ಒಂದು ಐತ್ವದ ಅಂತರ. ಲಯನ್ಸ್ ಕ್ಲಬ್ಬಿನ ರಕ್ತದಾನ ಶಿಬಿರದ ಬ್ಯಾನರಿನಲ್ಲಿ ‘ಲೈನ್ಸ್ ಕ್ಲಬ್’ ಅಂತ ಬರೆದರೂ ಜನ ಬರುತ್ತಾರೆ, ಲೈನಿನಲ್ಲೇ ನಿಲ್ಲುತ್ತಾರೆ.

◆ ಕಬಡ್ಡಿ ಅಂಗಳದಲ್ಲಿ ಇಂಗ್ಲಿಷ್ ಬಾರದವನಿಗೂ ಮೂರು ಲೈನ್ ಗೊತ್ತು: ಮಿಡ್ ಲೈನ್, ಬಾಕ್ ಲೈನ್, ಬೋನಸ್ ಲೈನ್. ಗಂಡಸರ ಅಂಗಳದಲ್ಲಿ ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರಿಗೆ ಬೋನಸ್ ಲೈನ್. ರೇಡರ್ ಬಾಕ್ ಲೈನ್ ದಾಟದೆ, ಯಾರನ್ನೂ ಮುಟ್ಟದೆ ವಾಪಸಾದರೆ ಔಟ್. ಬೋನಸ್ ಲೈನ್ ದಾಟಿದಾಗ ಹಿಂದಿನ ಕಾಲು ನೆಲದಿಂದ ಎದ್ದಿರಬೇಕು, ಎದುರಿಗೆ ಕಮ್ಮಿಯೆಂದರೂ ಆರು ಮಂದಿ ಇರಬೇಕು. ಐದೇ ಮಂದಿ ಉಳಿದಿದ್ದರೆ ಎಷ್ಟು ಸಲ ದಾಟಿದರೂ ಪಾಯಿಂಟ್ ಇಲ್ಲ.